ವೀಣೆ ಕೊಳ್ಳುವ ಮುನ್ನ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಉಪಾಧ್ಯಾಯರಾದ ನಾವು ತರಗತಿಯಲ್ಲಿ ಈ ಗಾದೆಯನ್ನು ಧಾರಾಳವಾಗಿ ಬಳಸುತ್ತೇವೆ. ಆದರೆ ಸಂಗೀತ ಕಲಿಯುವವರ ಪಾಲಿಗೆ ಒಮ್ಮೊಮ್ಮೆ ನೆಲವೇ ಡೊಂಕಾಗಿರುವುದುಂಟು. ಮೆಟ್ಟಿಲು ತಪ್ಪಿದ ವೀಣೆಯ ಮುಂದೆ ಕುಳಿತ ಮಗುವಿಗೆ, ತಪ್ಪು ತನ್ನ ಬೆರಳಿನದೋ ವಾದ್ಯದ್ದೋ ತಿಳಿಯುವ ಬಗೆ ಹೇಗೆ? ಆರು ತಿಂಗಳು ಹೆಣಗಿ, ತನಗೆ ಸ್ವರಜ್ಞಾನವೇ ಇಲ್ಲವೆಂದು ಬಗೆದು ಕೈಬಿಡುತ್ತದೆ. ವಾದ್ಯದಲ್ಲಿ ಉಳಿಸಿದ ಹಣ ಆ ನಷ್ಟವನ್ನು ತುಂಬಿಕೊಡಲಾರದು.

ಹಾಗೆಂದು ಸಾಲ ಮಾಡಿ ಅಂಗಡಿಯಲ್ಲಿರುವ ಅತ್ಯಂತ ದುಬಾರಿ ವೀಣೆಯನ್ನೇ ತನ್ನಿ ಎನ್ನುವುದಿಲ್ಲ. ಬ್ರೂಸ್‌ಪೇಟೆಯಂಥ ವ್ಯಾಪಾರದ ಬೀದಿಯಲ್ಲಿ ಬಾಳುವವರಿಗೆ, ಕೊಟ್ಟ ಹಣ ಯಾವುದಕ್ಕೆ ಸಲ್ಲುತ್ತದೆಂದು ಕೇಳುವ ಅಭ್ಯಾಸ ಇದ್ದೇ ಇರುತ್ತದೆ. ವೀಣೆಯ ವಿಷಯದಲ್ಲೂ ಅದೇ ಪ್ರಶ್ನೆಯನ್ನು ಕೇಳೋಣ.

ವೀಣೆಗೆ ಮುಖ್ಯವಾಗಿ ಮೂರು ಭಾಗಗಳು: ನಾದ ತುಂಬುವ ಕೊಡ, ಮೆಟ್ಟಿಲುಗಳನ್ನು ಹೊರುವ ದಂಡಿ, ತುದಿಯಲ್ಲಿ ಯಾಳಿಯ ಮುಖ. ಇವನ್ನು ಬೇರೆ ಬೇರೆ ಕಡೆದು ಕೂಡಿಸಿದರೆ ಅದು ಜೋಡಣೆಯ ವೀಣೆ. ಮೂರನ್ನೂ ಒಂದೇ ದಿಮ್ಮಿಯಿಂದ ಕಡೆದರೆ ಅದು ಏಕಾಂಡ ವೀಣೆ. ಏಕಾಂಡಕ್ಕೆ ಬಿರುಕಿಲ್ಲದ, ದಪ್ಪನಾದ, ಉದ್ದನೆಯ ಹಲಸಿನ ಮರ ಬೇಕು. ಕಡೆಯುವಾಗ ಅದರ ಬಹುಪಾಲು ಸಿಪ್ಪೆಯಾಗಿ ಉದುರುತ್ತದೆ. ಹೆಚ್ಚಿನ ಬೆಲೆಯ ದೊಡ್ಡ ಭಾಗ ಸಲ್ಲುವುದು ಈ ಮರಕ್ಕೆ ಮತ್ತು ಕೈಗೆಲಸಕ್ಕೆ. ಏಕಾಂಡದಲ್ಲಿ ಬಿಡಲು ಸಂದೇ ಇಲ್ಲ. ನಾದಕ್ಕೂ ಅಡೆತಡೆ ಕಡಿಮೆ. ಇದು ನಿಜವಾದ ಗುಣವೇ. ಆದರೆ ಚೆನ್ನಾಗಿ ಒಣಗಿದ ಮರದಿಂದ ಬಿಗಿಯಾಗಿ ಕೂಡಿಸಿದ ಜೋಡಣೆಯ ವೀಣೆ, ಹಸಿ ಮರದ ಏಕಾಂಡಕ್ಕಿಂತ ಎಷ್ಟೋ ಮೇಲು. ನಮ್ಮ ಬಳ್ಳಾರಿಯ ಬೇಸಿಗೆಯಲ್ಲಿ ಹಸಿ ಮರ ಬೇಗ ಸೊರಗಿ ಬಿರಿಯುತ್ತದೆ.

ಇನ್ನು ಅಲಂಕಾರ. ಹಿಂದೆ ವೀಣೆಯ ಅಂಚಿಗೆ ಆನೆಯ ದಂತವನ್ನು ಕೂರಿಸುತ್ತಿದ್ದರು. ಈಗ ದಂತದ ವ್ಯಾಪಾರಕ್ಕೆ ಕಾನೂನಿನ ನಿಷೇಧವಿದೆ. ಕಾಣುವುದೆಲ್ಲ ಪ್ಲಾಸ್ಟಿಕ್ಕಿನಂಥ ಹಾಳೆ. ಚಿತ್ತಾರ ಕಣ್ಣಿಗೆ ಹಿತವೇ ಹೌದು, ಕಿವಿಗೆ ಅದರಿಂದ ಲಾಭವಿಲ್ಲ. ಖರ್ಚನ್ನು ತಗ್ಗಿಸಬೇಕಾದವರು ಮೊದಲು ಕೈ ಹಿಡಿಯಬೇಕಾದದ್ದು ಇಲ್ಲಿ.

ನಾದದ ಗುಟ್ಟು ಎಲ್ಲಿದೆ? ಕೊಡದ ಮೇಲೆ ತಂತಿಗಳನ್ನು ಹೊತ್ತು ನಿಂತ ಕುದುರೆಯನ್ನು ನೋಡಿ. ಅದರ ಮೇಲಿನ ಲೋಹದ ತಗಡು ಅಗಲವಾಗಿ, ತುಸು ಬಾಗಿದೆ. ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ವೀಣೆ ಮತ್ತು ತಂಬೂರಿಗಳ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿ, ಈ ಬಾಗಿನ ಮಹಿಮೆಯನ್ನು ತೋರಿಸಿದರು. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದಾಗ ಕೆಲವು ಉಪಸ್ವರಗಳು ಹುಟ್ಟಕೂಡದೆಂಬುದು ಹಳೆಯ ಸೂತ್ರ. ತಂತಿ ಕುದುರೆಯ ಬಾಗನ್ನು ಸವರುತ್ತ ಮಿಡಿಯುವುದರಿಂದ ಈ ವಾದ್ಯಗಳಲ್ಲಿ ಆ ಉಪಸ್ವರಗಳೂ ಕೇಳಿಬರುತ್ತವೆ. ಇಷ್ಟೆಲ್ಲ ನಡೆಯುವುದು ಅಂಗೈಗಿಂತ ಚಿಕ್ಕ ತಗಡಿನ ಮೇಲೆ! ಅದನ್ನು ನುರಿತ ಕೈಯಿಂದ ಸರಿಪಡಿಸಿದರೆ ಅಗ್ಗದ ವೀಣೆಯೂ ಬೇರೆಯೇ ದನಿಯಲ್ಲಿ ನುಡಿದೀತು.

ಎರಡನೆಯ ಗುಟ್ಟು ಮೇಳ. ದಂಡಿಯ ಮೇಲೆ ಕಪ್ಪು ಮೇಣದ ಎರಡು ಸಾಲು ಕಟ್ಟಿ, ಅದರಲ್ಲಿ 24 ಮೆಟ್ಟಿಲುಗಳನ್ನು ಕಿವಿಯಿಂದಲೇ ಅಳೆದು ಕೂರಿಸುತ್ತಾರೆ. ಸೆಕೆಗೆ ಮೇಣ ಮೆದುವಾದರೆ ಮೆಟ್ಟಿಲು ಜರುಗುತ್ತದೆ. ಆದ್ದರಿಂದ ವೀಣೆಯನ್ನು ತಗಡಿನ ಮಾಡಿನ ಕೆಳಗಾಗಲಿ ಬಿಸಿಲಿನ ಕಿಟಕಿಯ ಬಳಿಯಾಗಲಿ ಇಡಬೇಡಿ. ಆಗಾಗ ಹೊಸದಾಗಿ ಮೇಳ ಕಟ್ಟಿಸಲು ಕೊಂಚ ಹಣವನ್ನು ಎತ್ತಿಡಿ.

ಕೊಳ್ಳುವಾಗ ಪರೀಕ್ಷಿಸುವ ಬಗೆ ಸುಲಭ. ದಂಡಿಯ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ, ತಿರುಚಿದ್ದರೆ ಬಿಟ್ಟುಬಿಡಿ. ಸಾರಣಿಯ ತಂತಿಯನ್ನು ಬಿಡಿಯಾಗಿ ಮೀಟಿ, ಬಳಿಕ 12ನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿ. ಷಡ್ಜಕ್ಕೆ ಮೇಲಿನ ಷಡ್ಜ ಸರಿಯಾಗಿ ಕೂಡಬೇಕು. ಮೆಟ್ಟಿಲು ಮೆಟ್ಟಿಲಿಗೂ ನಾದ ಒಂದೇ ತೆರನಾಗಿರಬೇಕು. ತಂತಿಯನ್ನು ಎಳೆದು ಗಮಕ ಮಾಡಿದಾಗ ದನಿ ಉಡುಗಬಾರದು, ಕಿರುಗುಟ್ಟಬಾರದು. ಬಿರಡೆ ತಿರುಗಿಸಿದಲ್ಲೇ ನಿಲ್ಲಬೇಕು. ನಿಮಗೆ ಕಿವಿ ಸಾಲದಿದ್ದರೆ ಮಗುವಿನ ಗುರುಗಳನ್ನು ಜೊತೆಗೆ ಕರೆದೊಯ್ಯಿರಿ. ಸಾಧ್ಯವಾದರೆ ಮಾಡುವವರ ಬಳಿಗೇ ಹೋಗುವುದು ಲೇಸು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ಮಾಡುವ ಊರೆಂದೇ ಹೆಸರಾದುದು. ಗುಂತಕಲ್ಲಿನಿಂದ ಬೆಂಗಳೂರಿಗೆ ಹೋಗುವ ರೈಲುಹಾದಿ ದೊಡ್ಡಬಳ್ಳಾಪುರವನ್ನು ಹಾದೇ ಹೋಗುತ್ತದೆ.

ನಿಮ್ಮ ಮಗ ವೀಣೆಯ ಬದಲು ವಿದ್ಯುತ್ ಗಿಟಾರ್ ಬೇಕೆಂದು ಹಟ ಹಿಡಿದಿದ್ದಾನೆಯೆ? ವಿವೇಕ ಅದೇ. ಟೊಳ್ಳು ಮೈಯ ಗಿಟಾರಿಗೆ ಧ್ವನಿವರ್ಧಕವನ್ನು ಕೂಡಿಸಿದರೆ, ಹೊರಬಂದ ಸದ್ದೇ ಮೈಯನ್ನು ಮತ್ತೆ ನಡುಗಿಸಿ ಊಳಿಡುವುದುಂಟು. ಅಮೆರಿಕದ ಗಿಬ್ಸನ್ ಕಂಪೆನಿ 1958ರಲ್ಲಿ ಇಎಸ್-335 ಎಂಬ ಗಿಟಾರನ್ನು ಹೊರತಂದು, ಟೊಳ್ಳಿನ ನಡುವೆ ಗಟ್ಟಿ ಮರದ ದಿಂಡನ್ನಿಟ್ಟು ಆ ಊಳನ್ನು ತಗ್ಗಿಸಿತು. ಅರೆಟೊಳ್ಳು ಗಿಟಾರುಗಳ ವಂಶ ಬೆಳೆದದ್ದು ಹೀಗೆ. ಆ ಹೆಸರಾಂತ ಗಿಟಾರಿನ ಮೈಯೂ ಇಡೀ ಹಲಗೆಯದಲ್ಲ, ಪದರಪದರವಾಗಿ ಅಂಟಿಸಿದ ಮರದ್ದು! ಕೂಡಿಸಿದ ಮರವೆಂದರೆ ಕೀಳೆಂಬ ಭಾವನೆ ಅಲ್ಲಿಯೂ ನಿಲ್ಲುವುದಿಲ್ಲ. ಅಗ್ಗದ ಗಿಟಾರಿನಲ್ಲಿ ಬಿರಡೆಯನ್ನೂ, ತಂತಿಯ ಮಿಡಿತವನ್ನು ಹಿಡಿಯುವ ಪಿಕಪ್ಪನ್ನೂ ಮುಂದೆ ಬದಲಿಸಿಕೊಳ್ಳಬಹುದು. ಕತ್ತು ತಿರುಚಿದ್ದರೆ ಮಾತ್ರ ಅದನ್ನು ತರಲೇಬೇಡಿ.

ಒಟ್ಟಿನಲ್ಲಿ, ಕಲಿಕೆಯ ಮೊದಲ ವರ್ಷಗಳಿಗೆ ಸ್ವರ ಶುದ್ಧವಾಗಿರುವ, ಚಿತ್ತಾರವಿಲ್ಲದ ಜೋಡಣೆಯ ವೀಣೆ ಸಾಕು. ಮಗು ಕಚೇರಿಯ ದಾರಿ ಹಿಡಿದ ಮೇಲೆ, ತನ್ನ ಕಿವಿಯಿಂದಲೇ ಆರಿಸಿಕೊಳ್ಳಬಲ್ಲ ಕಾಲಕ್ಕೆ ಏಕಾಂಡವನ್ನು ತಂದುಕೊಡಿ. ಅಲ್ಲಿಯವರೆಗೆ ರೇಡಿಯೋದಲ್ಲಿ ಒಳ್ಳೆಯ ವೀಣಾವಾದನವನ್ನು ಕೇಳಿಸುತ್ತಿರಿ. ಬೆಂಗಳೂರು ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದ ವಿದ್ವಾನ್ ವಿ. ದೊರೆಸ್ವಾಮಿ ಅಯ್ಯಂಗಾರ್ಯರ (1920–1997) ವಾದನವನ್ನು ಕೇಳಿ ಬೆಳೆದ ಕಿವಿ, ಅಂಗಡಿಯಲ್ಲಿ ಸುಲಭವಾಗಿ ಮೋಸಹೋಗದು.