ಕಾಂತೊ, ಕಂತೋ

ಸ್ಪ್ಯಾನಿಷ್ ಭಾಷೆಯಲ್ಲಿ ‘ಕಾಂತೊ’ ಎಂದರೆ ‘ಹಾಡುತ್ತೇನೆ’. ಅವೇ ಅಕ್ಷರಗಳನ್ನಿಟ್ಟುಕೊಂಡು, ದನಿಯ ಒತ್ತನ್ನು ಮೊದಲಿನಿಂದ ಕೊನೆಗೆ ಸರಿಸಿ, ಕಡೆಯ ಸ್ವರದ ನೆತ್ತಿಯ ಮೇಲೊಂದು ಓರೆಗೀಟನ್ನೆಳೆದು ‘ಕಂತೋ’ ಎಂದೆವಾದರೆ ‘ಹಾಡಿದನು’ ಎಂದೋ ‘ಹಾಡಿದಳು’ ಎಂದೋ ಅರ್ಥವಾಗುವುದು. ಉತ್ತಮಪುರುಷವು ಪ್ರಥಮಪುರುಷವಾಗುವುದಕ್ಕೂ ವರ್ತಮಾನವು ಭೂತವಾಗುವುದಕ್ಕೂ ಅಷ್ಟೇ ಸಾಕು. ಆ ಗೀಟನ್ನು ಬರಿಯ ಅಲಂಕಾರವೆಂದು ಬಗೆದು ಬಿಟ್ಟುಬಿಡುವವರು ಭಾಷೆಯ ಪ್ರಾಣಸ್ಥಾನವನ್ನೇ ಬಿಟ್ಟಂತೆ.

ಆ ಭಾಷೆಯ ಕ್ರಿಯಾಪದಗಳು ಆರ್, ಏರ್, ಈರ್ ಎಂಬ ಅಂತ್ಯಗಳಿಂದ ಮೂರು ಗಣಗಳಾಗಿವೆ. ‘ಕಂತಾರ್’ ಎಂಬುದರ ಅಂತ್ಯವನ್ನು ಕಳಚಿ, ಉಳಿದ ಪ್ರಕೃತಿಗೆ ಪ್ರತ್ಯಯಗಳನ್ನು ಹತ್ತಿಸಿದರೆ ಕಂತೇ, ಕಂತಾಸ್ತೆ, ಕಂತೋ, ಕಂತಾಮೊಸ್, ಕಂತಾಸ್ತೆಯ್ಸ್, ಕಂತಾರೊನ್ ಎಂಬ ಆರು ರೂಪಗಳು ದೊರೆಯುವುವು: ನಮ್ಮ ಹಾಡಿದೆನು, ಹಾಡಿದೆ, ಹಾಡಿದನು, ಹಾಡಿದೆವು, ಹಾಡಿದಿರಿ, ಹಾಡಿದರು ಎಂಬವುಗಳಂತೆಯೇ. ಕರ್ತೃಪದವನ್ನು ಹೇಳದೆಯೂ ಕ್ರಿಯಾಪದವೇ ಕರ್ತೃವನ್ನು ಸೂಚಿಸುವ ಈ ಸೊಗಸನ್ನು ಕನ್ನಡಿಗನಿಗೆ ಯಾರೂ ಕಲಿಸಬೇಕಾಗಿಲ್ಲ; ಲಿಂಗಭೇದವು ಮಾತ್ರ ಅಲ್ಲಿ ಕ್ರಿಯಾಪದದಲ್ಲಿ ಕಾಣದು. ಐದನೆಯ ರೂಪವು ಸ್ಪೇನಿನಲ್ಲಿ ಬಳಕೆಯಲ್ಲಿದೆ. ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗೆ ಅದರ ಸ್ಥಾನವನ್ನು ಆರನೆಯದೇ ತುಂಬುತ್ತದೆ. ಉಳಿದೆರಡು ಗಣಗಳಿಗೆ ಪ್ರತ್ಯಯಗಳು ಒಂದೇ: ‘ಉಣ್ಣು’ ಎಂಬರ್ಥದ ಕೊಮೇರ್ ಕೊಮೀ, ಕೊಮೀಸ್ತೆ, ಕೊಮ್ಯೋ ಎಂದೂ, ‘ಬಾಳು’ ಎಂಬರ್ಥದ ಬಿಬೀರ್ ಬಿಬೀ, ಬಿಬೀಸ್ತೆ, ಬಿಬ್ಯೋ ಎಂದೂ ನಡೆಯುತ್ತವೆ. ‘ಕಂತಾಮೊಸ್’ ಎಂಬುದು ‘ಹಾಡುತ್ತೇವೆ’ ಎಂದೂ ಆಗಬಹುದಾದುದರಿಂದ, ‘ಅಯೇರ್’, ಅಂದರೆ ‘ನಿನ್ನೆ’ ಎಂಬ ಮಾತು ಬಳಿಯಲ್ಲಿದ್ದರೆ ಸಂದೇಹ ನೀಗುತ್ತದೆ.

ನಿಜವಾದ ತೊಡಕಿರುವುದು ಪ್ರತ್ಯಯಗಳಲ್ಲಲ್ಲ, ಭೂತಕಾಲವು ಎರಡಾಗಿರುವುದರಲ್ಲಿ. ಮುಗಿದ ಕ್ರಿಯೆಗೆ ‘ಕಂತೇ’. ಮತ್ತೊಂದು ಘಟನೆಗೆ ಹಿನ್ನೆಲೆಯಾಗಿ ಹರಿಯುತ್ತಿದ್ದ ಕ್ರಿಯೆಗೆ ‘ಕಂತಾಬ’. ‘ಕ್ವಾಂದೊ ಎಂತ್ರೋ ಮರೀಆ, ಯೊ ಕಂತಾಬ’: ಮರೀಆ ಒಳಬಂದಾಗ ನಾನು ಹಾಡುತ್ತಿದ್ದೆನು. ಕರಾಕಾಸಿನಲ್ಲಿ ಹುಟ್ಟಿ ಚಿಲಿ ದೇಶದಲ್ಲಿ ನೆಲೆಸಿದ ಆಂದ್ರೇಸ್ ಬೆಯ್ಯೊ ಅವರು 1847ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಈ ಎರಡನೆಯದನ್ನು ‘ಕೋಪ್ರೆತೇರಿತೊ’, ಅಂದರೆ ‘ಸಹಭೂತ’ ಎಂದು ಕರೆದರು. ಇದಕ್ಕಿಂತ ಅನ್ವರ್ಥವಾದ ಹೆಸರನ್ನು ನಾನು ಕಾಣೆ.

ನಮ್ಮವರು ಎಡವುವುದು ಇಲ್ಲಿಯೇ. ‘ಮೂರು ವರ್ಷ ಲೀಮಾದಲ್ಲಿ ವಾಸಿಸುತ್ತಿದ್ದೆ’ ಎಂದು ಕನ್ನಡದಲ್ಲಿ ನಿರಾಯಾಸವಾಗಿ ಹೇಳುವವನು, ಕಾಲವು ದೀರ್ಘವಾದುದೆಂಬ ಕಾರಣದಿಂದ ಬಿಬೀರ್‌ನ ಸಹಭೂತರೂಪವಾದ ‘ಬಿಬೀಆ’ ಎಂದುಬಿಡುತ್ತಾನೆ. ಆದರೆ ಸ್ಪ್ಯಾನಿಷ್ ಕೇಳುವುದು ಕಾಲದ ಉದ್ದವನ್ನಲ್ಲ, ಅದಕ್ಕೆ ಎಲ್ಲೆ ಕಟ್ಟಿದೆಯೇ ಎಂಬುದನ್ನು. ಮೂರೆಂದು ಎಣಿಸಿದೊಡನೆಯೇ ಆ ವರ್ಷಗಳಿಗೆ ಬಾಗಿಲು ಮುಚ್ಚಿತು. ಆಗ ಹೇಳಬೇಕಾದುದು ಕೊನೆಯಲ್ಲಿ ಒತ್ತುಳ್ಳ ಎರಡಕ್ಷರದ ‘ಬಿಬೀ’.