ಬೊಜ್ಜಿಳಿದ ಮಕ್ಕಳಿಗೆ ದೂರವಾಣಿಯ ಆಸರೆ

ಮಕ್ಕಳ ಬೊಜ್ಜಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಮಾಡಿಸಿ, ನಾಲ್ಕಾರು ತಿಂಗಳು ಪಥ್ಯ ವ್ಯಾಯಾಮಗಳನ್ನು ನಡೆಸಿ, ತೂಕವು ಹತೋಟಿಗೆ ಬಂದಿತೆಂದು ವೈದ್ಯರ ಬಾಯಿಂದ ಕೇಳಿದೊಡನೆ ನಿಶ್ಚಿಂತರಾಗುವ ತಂದೆತಾಯಿಗಳು ಹೈದರಾಬಾದಿನ ನಮ್ಮ ಕನ್ನಡಿಗರಲ್ಲಿಯೂ ಇದ್ದಾರೆ. ಅವರ ಸಮಾಧಾನವನ್ನು ಕೆಡಿಸುವ ಇಚ್ಛೆ ನಮಗಿಲ್ಲ. ಆದರೂ ಹೇಳಲೇಬೇಕಾದ ಮಾತೊಂದುಂಟು. ಆಸ್ಪತ್ರೆಯ ಸಂಬಂಧವು ಕಡಿದುಹೋದ ಮೇಲೆ ಇಳಿದ ತೂಕವು ಮೆಲ್ಲಮೆಲ್ಲನೆ ಮರಳಿ ಏರುವುದು ಈ ವ್ಯಾಧಿಯಲ್ಲಿ ಸರ್ವಸಾಮಾನ್ಯ. ಆ ಸಂಬಂಧವನ್ನು ದೂರವಾಣಿಯ ಮೂಲಕವಾದರೂ ಉಳಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

‘ಬೊಜ್ಜು ಧನಿಕರ ಮನೆಯ ರೋಗ, ದುಡಿದು ತಿನ್ನುವ ನಮಗೇಕೆ ಅದರ ಗೊಡವೆ?’ ಎಂದು ಕೇಳುವವರಿದ್ದಾರೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 5ರಿಂದ 19 ವರ್ಷ ವಯಸ್ಸಿನ ಬೊಜ್ಜುಳ್ಳ ಮಕ್ಕಳು ಭಾರತದಲ್ಲಿ 1990ರಲ್ಲಿ ಸುಮಾರು 4 ಲಕ್ಷವಿದ್ದರು. 2022ರಲ್ಲಿ ಸುಮಾರು 1 ಕೋಟಿ 25 ಲಕ್ಷವಾದರು. ಇಷ್ಟು ಮಂದಿಯೂ ಧನಿಕರ ಮನೆಗಳಲ್ಲಿಯೇ ಹುಟ್ಟಿರಲಾರರು. ನಮ್ಮ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯ ಚರಿತ್ರೆಯೇ ಕಾಲದ ಈ ತಿರುವಿಗೆ ಸಾಕ್ಷಿಯಾಗಿದೆ. 1918ರಲ್ಲಿ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ಎಂಬ ಪೋಷಕಾಂಶದ ಕೊರತೆಯ ರೋಗವನ್ನು ಶೋಧಿಸಲು ತೆರೆದ ಚಿಕ್ಕ ಪ್ರಯೋಗಶಾಲೆಯೇ ಅದರ ಮೂಲ. 1958ರಲ್ಲಿ ಅದು ಹೈದರಾಬಾದಿಗೆ ಬಂದಿತು. ಆಹಾರದ ಕೊರತೆಯನ್ನು ಅರಿಯಲು ಹುಟ್ಟಿದ ಆ ಸಂಸ್ಥೆಯೇ 2024ರಲ್ಲಿ ಹೊರಡಿಸಿದ 17 ಆಹಾರ ಸೂತ್ರಗಳಲ್ಲಿ, ಬೊಜ್ಜನ್ನು ತಡೆಯಿರಿ, ಎಣ್ಣೆ ಸಕ್ಕರೆಗಳನ್ನು ಮಿತಗೊಳಿಸಿರಿ ಎಂದು ಎಚ್ಚರಿಸಬೇಕಾಯಿತು.

ಚಿಕಿತ್ಸೆಯ ಅನಂತರ ಏನಾಗುತ್ತದೆಂಬುದನ್ನು ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ, 7ರಿಂದ 12 ವರ್ಷದ ಮಕ್ಕಳು ತಂದೆತಾಯಿಗಳೊಡನೆ 5 ತಿಂಗಳ ಚಿಕಿತ್ಸೆ ಪಡೆದ ಮೇಲೆ, ಅವರಲ್ಲಿ 150 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರನ್ನು ಅಷ್ಟಕ್ಕೇ ಬಿಟ್ಟು, ಉಳಿದವರಿಗೆ ಇನ್ನೂ 4 ತಿಂಗಳು ಸಲಹೆ ಸಹಾಯಗಳನ್ನು ಮುಂದುವರಿಸಿದರು. ಸಹಾಯ ಪಡೆದವರು ಮೊದಮೊದಲು ತೂಕವನ್ನು ಚೆನ್ನಾಗಿ ಕಾಯ್ದುಕೊಂಡರು; ಸಹಾಯ ನಿಂತ ಮೇಲೆ ಆ ಲಾಭವೂ ಕಾಲಕ್ರಮೇಣ ಕುಗ್ಗಿತು. 4 ತಿಂಗಳೇ ಸಾಲದೆಂದ ಮೇಲೆ, ಒಂದೂ ತಿಂಗಳಿಲ್ಲದ ನಮ್ಮ ಪಾಡೇನು?

ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಸರದಿಯಲ್ಲಿ ನಿಲ್ಲುವುದೆಂದರೆ ಹೋಟೆಲಿನ ಮಾಣಿಗೂ ಭಟ್ಟರಿಗೂ ಒಂದು ದಿನದ ಸಂಬಳ, ಗುಮಾಸ್ತರಿಗೆ ಒಂದು ದಿನದ ರಜೆ. ಎರಡನೆಯ ತಿಂಗಳಿಗೇ ತಪ್ಪುವುದು ಇಲ್ಲಿಯೇ. ಅದಕ್ಕಾಗಿಯೇ ದೂರವಾಣಿಯ ಮಾತನ್ನೆತ್ತಿದೆವು. 2020ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ದೂರವೈದ್ಯ ನಿಯಮಗಳ ಪ್ರಕಾರ, ನೋಂದಾಯಿತ ವೈದ್ಯರು ದೇಶದ ಯಾವ ಭಾಗದ ರೋಗಿಗಾದರೂ ದೂರವಾಣಿಯಲ್ಲಿ ಸಲಹೆ ಕೊಡಬಹುದು. ರೋಗಿಯು ಮಗುವಾದರೆ ದೊಡ್ಡವರೊಬ್ಬರು ಜೊತೆಗಿರಬೇಕು. 2019ರಲ್ಲಿ ಆರಂಭವಾದ ಸರ್ಕಾರದ ಇ-ಸಂಜೀವನಿಯಲ್ಲಿ ಇಂತಹ ಸಲಹೆಗೆ ಹಣವನ್ನು ಕೊಡಬೇಕಾಗಿಲ್ಲ.

ಈ ನಿಯಮದಲ್ಲಿ ಹೊರನಾಡಿಗರಿಗೆ ಬೇರೊಂದು ಅನುಕೂಲವೂ ಅಡಗಿದೆ. ತೆಲುಗಾಗಲಿ ಉರ್ದುವಾಗಲಿ ಸರಿಯಾಗಿ ಬಾರದ ನಮ್ಮ ಗೃಹಿಣಿಯು, ಮಗು ಬೆಳಿಗ್ಗೆ ಎಷ್ಟು ನೀರುದೋಸೆ ತಿಂದಿತು, ಸಂಜೆ ಗೋಳಿಬಜೆಗೆ ಹಟ ಹಿಡಿಯಿತೇ ಎಂಬುದನ್ನು ಉಡುಪಿಯಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ವೈದ್ಯರಿಗೆ ಕನ್ನಡದಲ್ಲಿಯೇ ಹೇಳಬಹುದು. ಸಂಸಾರವನ್ನು ಕುಂದಾಪುರದ ಕಡೆ ಬಿಟ್ಟು ಇಲ್ಲಿ ದುಡಿಯುವ ತಂದೆಯೂ ಅದೇ ಕರೆಯಲ್ಲಿ ಸೇರಿಕೊಳ್ಳಬಹುದು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಒಲೆ ಹೊತ್ತಿಸುವವರೆಗೆ ದೊರೆಯುವ ಬಿಡುವು ಇದಕ್ಕೆ ಸಾಕು.

ಕರೆಯಲ್ಲಿ ಹೇಳಬೇಕಾದುದು ಹೆಚ್ಚೇನೂ ಇಲ್ಲ. ಒಂದೇ ತೂಕದ ಯಂತ್ರದಲ್ಲಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆದ ತೂಕ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಅಳೆದ ಎತ್ತರ. ಊಟ, ಆಟ, ನಿದ್ರೆಗಳ ವಿವರ. ಎತ್ತರವನ್ನು ಮರೆಯತಕ್ಕದ್ದಲ್ಲ. ಬೆಳೆಯುವ ಮಗುವಿನ ತೂಕ ಇಳಿಯಲೇಬೇಕೆಂದಿಲ್ಲ, ಏರದೆ ನಿಂತರೂ ಅನೇಕ ವೇಳೆ ಸಾಕಾಗುತ್ತದೆ. ಲೆಕ್ಕವನ್ನು ನೋಡಿರಿ: ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ, 130 ಸೆಂಟಿಮೀಟರ್ ಎತ್ತರದ 45 ಕಿಲೋ ಮಗುವಿಗೆ 26.6 ಬರುತ್ತದೆ. ಅದೇ ಮಗು ಅದೇ ತೂಕದಲ್ಲಿ 140 ಸೆಂಟಿಮೀಟರ್ ಬೆಳೆದರೆ ಅದು 23ಕ್ಕೆ ಇಳಿಯುತ್ತದೆ. ಅಷ್ಟು ಬೆಳೆಯಲು ಎರಡು ವರ್ಷ ಹಿಡಿದೀತು. ಆ ಎರಡು ವರ್ಷ ಮನೆಯವರ ಉತ್ಸಾಹ ಬತ್ತದಂತೆ ನೋಡಿಕೊಳ್ಳುವುದೇ ಕರೆ ಮಾಡುವವರ ಕೆಲಸ.

ಇನ್ನು ನಮ್ಮವರಿಗೇ ವಿಶೇಷವಾದ ಒಂದು ತೊಡಕು. ರಾತ್ರಿ ಹೋಟೆಲು ಮುಚ್ಚುವಾಗ ಉಳಿದ ವಡೆ, ಬೋಂಡ, ಜಾಮೂನುಗಳು ಪೊಟ್ಟಣವಾಗಿ ಮನೆಗೆ ಬರುತ್ತವೆ. ಹಗಲೆಲ್ಲ ಮಗುವಿನ ಮುಖ ಕಾಣದ ತಂದೆಗೆ ಆ ಪೊಟ್ಟಣವೇ ಪ್ರೀತಿಯ ಗುರುತು. ನಿದ್ದೆಗಣ್ಣಿನಲ್ಲಿ ಎದ್ದು ಬರುವ ಮಗುವಿಗೂ ತಂದೆಯೆಂದರೆ ಆ ಪೊಟ್ಟಣವೇ. ಅದನ್ನು ಒಮ್ಮೆಲೇ ನಿಲ್ಲಿಸಿರೆಂದು ಆಹಾರತಜ್ಞರು ಹೇಳುವುದು ಸುಲಭ. ನಿಲ್ಲಿಸಿದ ತಂದೆ ಬರಿಗೈಯಲ್ಲಿ ಮನೆಯ ಬಾಗಿಲಲ್ಲಿ ನಿಂತಾಗಿನ ಕಷ್ಟವನ್ನು ಅವರು ಬಲ್ಲರೇ? ವಾರದ ರಜೆಯ ದಿನ ಒಂದು ಗಂಟೆ ಮಗುವಿನೊಡನೆ ಆಟದ ಬಯಲಿಗೆ ಹೋಗುವುದು, ಪೊಟ್ಟಣದ ಬದಲು ಎರಡು ಸೀಬೆಹಣ್ಣು ತರುವುದು ಮುಂತಾದ ಉಪಾಯಗಳು ತಿಂಗಳು ತಿಂಗಳು ಮಾತನಾಡುತ್ತ ಹೊಳೆಯತಕ್ಕವು. ಒಂದು ದಿನದ ಆಸ್ಪತ್ರೆಯ ಚೀಟಿಯಲ್ಲಿ ಅವು ಬರೆದಿರುವುದಿಲ್ಲ. ಮನೆಯವರೆಲ್ಲ ಬೋಂಡ ತಿನ್ನುತ್ತ ಮಗುವೊಂದಕ್ಕೆ ಪಥ್ಯ ವಿಧಿಸುವುದಂತೂ ನ್ಯಾಯವೂ ಅಲ್ಲ, ನಡೆಯುವುದೂ ಇಲ್ಲ. ನೆಂಟರೆದುರು ತೂಕದ ಯಂತ್ರವನ್ನು ಹತ್ತಿಸುವುದು, ‘ಡುಮ್ಮ’ನೆಂದು ಕರೆಯುವುದು ಕೂಡದು. ಅಂತಹ ಮಗು ಮುಂದಿನ ಕರೆಗೆ ಬಾಯಿಯನ್ನೇ ತೆರೆಯದು.

ದೂರವಾಣಿಗೆ ಕಾಣದ ಸಂಗತಿಗಳೂ ಇವೆ. ರಾತ್ರಿ ಜೋರು ಗೊರಕೆಯ ನಡುವೆ ಉಸಿರು ಕಟ್ಟಿದರೆ, ಅತಿಯಾದ ಬಾಯಾರಿಕೆಯೂ ಪದೇ ಪದೇ ಮೂತ್ರವೂ ಕಂಡರೆ, ಕುತ್ತಿಗೆಯ ಚರ್ಮ ಕಪ್ಪಾಗಿ ದಪ್ಪವಾದರೆ, ಸೊಂಟ ಮಂಡಿಗಳ ನೋವಿನಿಂದ ಮಗು ಕುಂಟತೊಡಗಿದರೆ ಕರೆಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ರಕ್ತದೊತ್ತಡವನ್ನೂ ರಕ್ತವನ್ನೂ ವೈದ್ಯರು ಹೇಳಿದ ಕಾಲಕ್ಕೆ ಅಲ್ಲಿಯೇ ಪರೀಕ್ಷಿಸಿಕೊಳ್ಳಬೇಕು.

ಚಿಕಿತ್ಸೆ ಮುಗಿಸಿ ಹೊರಡುವ ದಿನವೇ ವೈದ್ಯರನ್ನು ಮೂರು ಸಂಗತಿ ಕೇಳಿಕೊಳ್ಳಿರಿ: ಮುಂದಿನ ಕರೆಯ ತಾರೀಖು ಯಾವುದು, ಕರೆ ಮಾಡುವವರು ಯಾರು, ತೂಕ ಎಷ್ಟು ಏರಿದರೆ ಕರೆಗೆ ಮೊದಲೇ ತಿಳಿಸಬೇಕು. ಉತ್ತರವನ್ನು ಚೀಟಿಯ ಹಿಂಬದಿಯಲ್ಲಿ ಬರೆಸಿಕೊಂಡು, ಅದರ ಒಂದು ಚಿತ್ರವನ್ನು ಊರಿನಲ್ಲಿರುವವರ ಮೊಬೈಲಿಗೂ ಕಳುಹಿಸಿರಿ.