ಅವಿನಾಶಿ ರಸ್ತೆಯಲ್ಲಿ ಹಳೆಯ ಗಾಡಿಗಳ ಪಾಠ

ತಮಿಳುನಾಡಿನ ಪೊಳ್ಳಾಚಿಯಿಂದ ಪಳನಿಗೆ ಹೊರಟರೆ ಬಲಗಡೆ ಆನೈಮಲೈ ಬೆಟ್ಟಸಾಲು ಕಾಣುತ್ತಲೇ ಇರುತ್ತದೆ. ಈ ದಾರಿಯಲ್ಲಿ 1920ರಲ್ಲಿ ಕೊಯಮತ್ತೂರಿನ ಉದ್ಯಮಿ ಜಿ.ಡಿ. ನಾಯ್ಡು ತಾವೇ ಚಾಲಕರಾಗಿ ಬಸ್ಸು ಓಡಿಸಲು ಆರಂಭಿಸಿದರು. ಅದು ಬೆಳೆದು ಯು.ಎಂ.ಎಸ್. ಎಂಬ ದೊಡ್ಡ ಬಸ್ ಸಂಸ್ಥೆಯಾಯಿತು. ಅದಕ್ಕೂ ಮೊದಲು, ಹೋಟೆಲಿನಲ್ಲಿ ಮಾಣಿಯಾಗಿ ದುಡಿದು ಕೂಡಿಟ್ಟ ಹಣದಲ್ಲಿ ಅವರು ಬ್ರಿಟಿಷ್ ಅಧಿಕಾರಿಯೊಬ್ಬರ ರಡ್ಜ್ ಮೋಟಾರ್ ಸೈಕಲ್ ಕೊಂಡು, ಬಿಚ್ಚಿ, ಮತ್ತೆ ಜೋಡಿಸಿ ಯಂತ್ರವಿದ್ಯೆ ಕಲಿತಿದ್ದರು. ಹಳೆಯ ಗಾಡಿ ಕೈ ಬದಲಾಯಿಸುವುದರಿಂದ ಏನು ಹುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅವರ ಹೆಸರಿನ ದತ್ತಿ ಸಂಸ್ಥೆ ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ನಡೆಸುತ್ತಿರುವ ಜೀಡೀ ಕಾರ್ ಮ್ಯೂಸಿಯಂ 2015ರಲ್ಲಿ ತೆರೆಯಿತು. ಹಲವು ದೇಶಗಳ ಕಾರುಗಳು ಇಲ್ಲಿವೆ. ಒಳಗೇ ಮಲಗಿ ಪಯಣಿಸಬಹುದಾದ ಹಳೆಯ ಕ್ಯಾಂಪರ್ ವ್ಯಾನ್ ಮಾರುವವರೂ ಕೊಳ್ಳುವವರೂ ವ್ಯವಹಾರಕ್ಕೆ ಮುನ್ನ ಒಮ್ಮೆ ಇಲ್ಲಿಗೆ ಬರಬೇಕು. ‘ಚೆನ್ನಾಗಿ ಇಟ್ಟುಕೊಂಡ ಗಾಡಿ’ ಎಂದರೆ ಹೊಸ ಬಣ್ಣವಲ್ಲ, ಮೂಲ ರೂಪ ಉಳಿದಿರುವುದು ಎಂಬುದು ಕಣ್ಣಿಗೇ ತಿಳಿಯುತ್ತದೆ.

ಕ್ಯಾಂಪರ್ ಎಂದೊಡನೆ ನೆನಪಾಗುವುದು ಫೋಕ್ಸ್‌ವ್ಯಾಗನ್ನಿನ ಟೈಪ್ 2. 1950ರಲ್ಲಿ ಜರ್ಮನಿಯಲ್ಲಿ ತಯಾರಾಗತೊಡಗಿ, 2013ರಲ್ಲಿ ಬ್ರೆಜಿಲ್‌ನಲ್ಲಿ ನಿಂತ ಮಾದರಿ ಅದು. ಅರವತ್ತು–ಎಪ್ಪತ್ತರ ದಶಕದಲ್ಲಿ ಯುರೋಪಿನ ತರುಣರು ಅಂಥ ವ್ಯಾನಿನಲ್ಲೇ ಮಲಗಿ ಎದ್ದು, ರಸ್ತೆಯಲ್ಲೇ ಭಾರತ ಮುಟ್ಟಿದರು. ಹಳೆಯ ಟೈಪ್ 2ರ ಎಂಜಿನ್ ಹಿಂಭಾಗದಲ್ಲಿದ್ದು, ಗಾಳಿಯಿಂದಲೇ ತಣಿಯುತ್ತದೆ, ರೇಡಿಯೇಟರ್ ಇಲ್ಲ. ಕೊಳ್ಳುವ ಮುನ್ನ, ಪೊಳ್ಳಾಚಿ ಬಳಿಯ ಆಳಿಯಾರಿನಿಂದ ವಾಲ್ಪಾರೈಗೆ ಏರುವ 40 ಹೇರ್‌ಪಿನ್ ತಿರುವುಗಳಲ್ಲಿ ಎಂಜಿನ್ ಎಷ್ಟು ಕಾಯುತ್ತದೆ, ಇಳಿಯುವಾಗ ಬ್ರೇಕು ಹೇಗೆ ಹಿಡಿಯುತ್ತದೆ ಎಂದು ನೋಡಿದರೆ ಗಾಡಿಯ ಆರೋಗ್ಯ ಬಯಲಾಗುತ್ತದೆ. ಆಮೇಲೆ ಗಾಡಿಯ ಅಡಿಗೆ ಬಗ್ಗಿ ತುಕ್ಕು ನೋಡಬೇಕು. ಮಳೆಯ ಬೆಟ್ಟಸೀಮೆಯಲ್ಲಿ ನಿಂತ ವ್ಯಾನನ್ನು ಮೊದಲು ತಿನ್ನುವುದು ಅದೇ.

ಕಾಗದಪತ್ರದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 2021ರಲ್ಲಿ ಬಂದ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲದ ವಾಹನ ಮಾತ್ರ ‘ವಿಂಟೇಜ್’. ಅದರ ಚಾಸಿ, ಬಾಡಿ, ಎಂಜಿನ್ನಿಗೆ ದೊಡ್ಡ ಬದಲಾವಣೆ ಆಗಿರಬಾರದು. ಮಾಮೂಲಿ ವ್ಯಾನಿನ ಮಾಡು ಕತ್ತರಿಸಿ ಆಮೇಲೆ ಕ್ಯಾಂಪರ್ ಮಾಡಿಸಿದವರಿಗೆ ಇಲ್ಲಿಯೇ ತೊಡಕು. ಹೊಸ ವಿಂಟೇಜ್ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಂಬರಿನಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. ಮಾರಾಟಕ್ಕೆ ಅಡ್ಡಿಯಿಲ್ಲ, 90 ದಿನದೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು. ಆದರೆ ವಿಂಟೇಜ್ ನೋಂದಣಿಯ ಗಾಡಿಯನ್ನು ದಿನನಿತ್ಯ ರಸ್ತೆಗಿಳಿಸುವಂತಿಲ್ಲ; ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕೆಲಸಕ್ಕಷ್ಟೇ ಅವಕಾಶ. ಕೊಂಡು ಊರೂರು ಸುತ್ತಬೇಕೆನ್ನುವವರು ಇದನ್ನು ಮೊದಲೇ ಅರಿತಿರಬೇಕು. ಮಾರುವವರು ಮುಚ್ಚಿಡದೆ ಹೇಳಬೇಕು.

ಕನ್ನಡ ನಾಡಿನಲ್ಲೂ ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಗಳು ಹಳೆಯ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿವೆ. ಆದರೆ ಎಲ್ಲ ಗಾಡಿಗೂ ಮ್ಯೂಸಿಯಂನಲ್ಲಿ ಜಾಗ ಸಿಗದು. ನಿಮ್ಮ ಷೆಡ್ಡಿನಲ್ಲಿ ಅಂಥದೊಂದು ವ್ಯಾನ್ ಇದ್ದರೆ, ಗುಜರಿಗೆ ಹೋಗುವ ಮೊದಲೇ, ಆರ್‌ಸಿ ಮತ್ತು ರಿಪೇರಿಯ ಹಳೆಯ ಬಿಲ್ಲುಗಳ ಸಮೇತ, ಅದನ್ನು ಜತನ ಮಾಡಬಲ್ಲವರ ಕೈಗೆ ಮಾರಿ. ಬೆಲೆ ಸ್ವಲ್ಪ ಕಡಿಮೆಯಾದರೂ ಸರಿ.